ಲೇಸರ್ ಅಲೈನ್‌ಮೆಂಟ್ ಮತ್ತು ಹಿಂಚಕ್ರದ ಸವೆತ

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಬಿಆರ್‌ಪಿ ಕಂಪನಿ 2007ರಲ್ಲಿ ಪರಿಚಯಿಸಿದ ಕ್ಯಾನ್-ಆಮ್ ಸ್ಪೈಡರ್, ಮುಂದೆ ಎರಡು ಮತ್ತು ಹಿಂದೆ ಒಂದು ಚಕ್ರವಿರುವ, ತಿರುವಿನಲ್ಲಿ ವಾಲದ ಮೋಟಾರ್‌ಸೈಕಲ್ಲು. ಇದರ ಮಾಲೀಕರಲ್ಲಿ ಲೇಸರ್ ಅಲೈನ್‌ಮೆಂಟ್ ಮಾಡಿಸುವ ರೂಢಿ ಬಲವಾಗಿ ಬೇರೂರಿದೆ. ಮುಂಚಕ್ರಗಳ ಮಟ್ಟಿಗೆ ಆ ಕೆಲಸ ಕರಾರುವಾಕ್ಕಾದದ್ದು, ಅಗತ್ಯವಾದದ್ದೂ ಹೌದು. ಆದರೆ ಅದೇ ಕೆಲಸದಿಂದ ಹಿಂದಿನ ಟೈರಿನ ಆಯುಷ್ಯವೂ ಹೆಚ್ಚುತ್ತದೆ ಎಂಬ ನಂಬಿಕೆಗೆ ಯಂತ್ರಶಾಸ್ತ್ರದ ಆಧಾರ ದೊರೆಯುವುದಿಲ್ಲ.

ಅಲೈನ್‌ಮೆಂಟಿನಲ್ಲಿ ಮುಖ್ಯವಾಗಿ ಸರಿಪಡಿಸುವುದು ಟೋ ಎಂಬ ಅಳತೆಯನ್ನು. ಜೋಡಿ ಚಕ್ರಗಳ ಮುಂಭಾಗದ ಅಂಚುಗಳ ನಡುವಿನ ಅಂತರಕ್ಕೂ ಹಿಂಭಾಗದ ಅಂಚುಗಳ ನಡುವಿನ ಅಂತರಕ್ಕೂ ಇರುವ ವ್ಯತ್ಯಾಸವೇ ಟೋ. ತಿರುಗಿಸುವ ಚಕ್ರ ಒಂದೇ ಆಗಿರುವ ಆಟೋರಿಕ್ಷಾದ ಮುಂಭಾಗದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಸ್ಪೈಡರ್‌ನಲ್ಲಿ ಅದು ಕಾರಿನಲ್ಲಿರುವಷ್ಟೇ ಗಂಭೀರ. ಒಂದು ಚಕ್ರ ತಾನು ಸಾಗುವ ದಿಕ್ಕಿನಿಂದ ಅರ್ಧ ಡಿಗ್ರಿಯಷ್ಟು ಓರೆಯಾಗಿದ್ದರೂ, ಒಂದು ಕಿಲೋಮೀಟರ್ ಉರುಳುವಷ್ಟರಲ್ಲಿ ಅದರ ರಬ್ಬರನ್ನು ಸುಮಾರು 9 ಮೀಟರಿನಷ್ಟು ಅಡ್ಡಕ್ಕೆ ಎಳೆದ ಲೆಕ್ಕವಾಗುತ್ತದೆ. ಚಕ್ರಗಳು ಅತಿಯಾಗಿ ಒಳಮುಖವಾಗಿದ್ದರೆ ಟೈರುಗಳ ಹೊರ ಅಂಚು, ಹೊರಮುಖವಾಗಿದ್ದರೆ ಒಳ ಅಂಚು ಬೇಗ ಸವೆಯುತ್ತದೆ. ಟ್ರೆಡ್ಡಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಆಡಿಸಿದಾಗ ಒಂದು ಕಡೆಗೆ ನುಣುಪಾಗಿಯೂ ಮರಳಿ ಬರುವಾಗ ಗರಗಸದಂತೆ ಚೂಪಾಗಿಯೂ ತಾಗಿದರೆ, ದೋಷ ಟೋದಲ್ಲಿದೆ ಎಂದು ಬಹುಮಟ್ಟಿಗೆ ನಿರ್ಧರಿಸಬಹುದು.

ಮುಂಚಕ್ರಗಳ ದಿಕ್ಕನ್ನು ಲೇಸರ್ ಕಿರಣದಿಂದ ದೂರದ ಫಲಕದ ಮೇಲೆ ಗುರುತಿಸಿ, ಹಿಂಚಕ್ರದ ನೇರಕ್ಕೆ ಹೋಲಿಸಿ, ಟೈ ರಾಡುಗಳನ್ನು ತಿರುಗಿಸಿ ಸರಿಪಡಿಸುವ ಕ್ರಮದ ನಿಜವಾದ ಹೆಚ್ಚುಗಾರಿಕೆ ಇರುವುದು ಈ ಹೋಲಿಕೆಯಲ್ಲಿ. ಎರಡು ಚಕ್ರಗಳ ಒಟ್ಟು ಟೋ ಸರಿಯಿದ್ದೂ ಹ್ಯಾಂಡಲ್ ಓರೆಯಾಗಿರಬಹುದು. ಹ್ಯಾಂಡಲ್ ತಿರುಗಿದ ಕೋನವನ್ನೂ ವಾಹನ ವಾಸ್ತವವಾಗಿ ತಿರುಗುತ್ತಿರುವ ವೇಗವನ್ನೂ ತಾಳೆ ನೋಡಿ ಬ್ರೇಕ್ ಹಾಕುವ ವಿದ್ಯುನ್ಮಾನ ಸ್ಥಿರತಾ ವ್ಯವಸ್ಥೆಯಿರುವ ಈ ವಾಹನದಲ್ಲಿ, ಅಂಥ ಓರೆಯಿಂದ ವ್ಯವಸ್ಥೆ ಅಕಾಲದಲ್ಲಿ ಅಡ್ಡಬರುವ ಸಾಧ್ಯತೆಯುಂಟು. ಆದುದರಿಂದ ಚೌಕಟ್ಟಿನ ಮಧ್ಯರೇಖೆಯನ್ನಷ್ಟೇ ಹಿಡಿದು, ಹಿಂಚಕ್ರ ಎತ್ತ ನೋಡುತ್ತಿದೆ ಎಂಬುದನ್ನು ಗಮನಿಸದೆ ಮಾಡಿದ ಅಲೈನ್‌ಮೆಂಟನ್ನು ಅರ್ಧ ಕೆಲಸವೆಂದೇ ಎಣಿಸಬೇಕು. ಸವಾರ ಕೂತಾಗ ಸಸ್ಪೆನ್ಷನ್ ಕುಸಿದು ಟೋ ಬದಲಾಗುವುದರಿಂದ, ಖಾಲಿ ವಾಹನದ ಮೇಲೆ ಅಳೆದ ಅಂಕಿಗೂ ಬೆಲೆ ಕಡಿಮೆ.

ಹಿಂಚಕ್ರದ ವಿಚಾರ ಬೇರೆಯೇ. ಬೆಲ್ಟಿನಿಂದ ಚಲಿಸುವ ಸ್ಪೈಡರ್‌ನಲ್ಲಿ ಅಚ್ಚಿನ ಎರಡು ಬದಿಯ ಹೊಂದಿಕೆ ಬೋಲ್ಟುಗಳನ್ನು ಸಮನಾಗಿ ಬಿಗಿಯದಿದ್ದರೆ ಚಕ್ರ ಕೊಂಚ ಪಕ್ಕಕ್ಕೆ ಮುಖ ಮಾಡುತ್ತದೆ; ಬೆಲ್ಟು ಪುಲ್ಲಿಯ ಅಂಚಿಗೆ ಉಜ್ಜದಂತೆ ಹೊಂದಿಸುವಾಗಲೂ ಮೆಕ್ಯಾನಿಕ್ ಆ ಕೋನವನ್ನು ತುಸು ಬಿಟ್ಟುಕೊಡಬೇಕಾಗುತ್ತದೆ. (ಅದೇ ಕಂಪನಿಯ ರೈಕರ್ ಮಾದರಿಯಲ್ಲಿ ಬೆಲ್ಟಿನ ಬದಲು ಶಾಫ್ಟ್ ಇರುವುದರಿಂದ ಈ ತೊಡಕಿಲ್ಲ.) ಹೀಗೆ ಓರೆಯಾದ ಹಿಂಚಕ್ರ ತಾನು ಸವೆಯುತ್ತದೆ ಎಂದು ಊಹಿಸುವುದು ಸಹಜವಾದರೂ ಸರಿಯಲ್ಲ. ಜೋಡಿ ಚಕ್ರಗಳು ಒಂದನ್ನೊಂದು ಎದುರಿಸಿ ಎಳೆದಾಡುವಾಗ ರಬ್ಬರು ಉಜ್ಜುತ್ತದೆ. ಹಿಂದೆ ಒಂಟಿಯಾಗಿರುವ ಚಕ್ರಕ್ಕೆ ಅಂಥ ಎದುರಾಳಿಯಿಲ್ಲ. ನೇರ ರಸ್ತೆಯಲ್ಲಿ ಅದು ತನ್ನ ಮುಖದ ದಿಕ್ಕಿಗೇ ಉರುಳುತ್ತದೆ, ವಾಹನದ ಮೈ ಮಾತ್ರ ತುಸು ಓರೆಯಾಗಿ ಸಾಗುತ್ತದೆ, ಹ್ಯಾಂಡಲ್ ಅಷ್ಟೇ ಕೋನ ತಿರುಗಿ ನಿಲ್ಲುತ್ತದೆ. ತೊಂದರೆ ಸವಾರನ ಕೈಗೂ ಸ್ಥಿರತಾ ವ್ಯವಸ್ಥೆಗೂ ತಟ್ಟುತ್ತದೆಯೇ ಹೊರತು ಹಿಂದಿನ ಟ್ರೆಡ್ಡಿಗೆ ಹೆಚ್ಚಾಗಿ ತಟ್ಟುವುದಿಲ್ಲ.

ಹಾಗಿದ್ದೂ ಸ್ಪೈಡರ್‌ನ ಹಿಂದಿನ ಟೈರು ಮುಂದಿನವಕ್ಕಿಂತ ಬೇಗ, ಅದರಲ್ಲೂ ನಡುಭಾಗದಲ್ಲಿ ಸವೆಯುವುದು ಮಾಲೀಕರು ಸಾಮಾನ್ಯವಾಗಿ ಕಾಣುವ ಸಂಗತಿ. ಎಂಜಿನ್ನಿನ ಬಲವೆಲ್ಲ ಆ ಒಂದೇ ಟೈರಿನ ಮೂಲಕ ರಸ್ತೆಗೆ ಇಳಿಯುತ್ತದೆ. ಅದು ಎರಡು ಚಕ್ರದ ಬೈಕಿನ ದುಂಡನೆಯ ಟೈರಲ್ಲ, ಕಾರಿನದರಂತೆ ಚಪ್ಪಟೆಯಾದ 225/50 ಆರ್ 15 ಅಳತೆಯದು. ಕಾರಿನ ತೂಕವಿಲ್ಲದ ವಾಹನದಲ್ಲಿ ಇಂಥ ಟೈರಿಗೆ ಕಾರಿನ ರೂಢಿಯಂತೆ ಗಾಳಿ ತುಂಬಿದರೆ ನಡುಭಾಗ ಉಬ್ಬಿ, ಅಂಚುಗಳು ನೆಲಕ್ಕೆ ಸರಿಯಾಗಿ ತಾಗದೆ, ಭಾರ ಮತ್ತು ಎಳೆತ ಎರಡೂ ಕಿರಿದಾದ ಪಟ್ಟಿಯ ಮೇಲೆ ಬೀಳುತ್ತವೆ. ಇದಕ್ಕೆ ಪರಿಹಾರ ಗಾಳಿಯ ಮಾಪಕದಲ್ಲಿದೆ, ಟೈರಿನ ಆಯ್ಕೆಯಲ್ಲಿದೆ, ಆಕ್ಸಲರೇಟರ್ ಹಿಡಿಯುವ ಕೈಯಲ್ಲಿದೆ, ಟೈ ರಾಡಿನಲ್ಲಿಲ್ಲ. ಹಣ ತೆರುವ ಮುನ್ನ ಮಾಲೀಕರು ಮೂರೂ ಟೈರುಗಳ ಟ್ರೆಡ್ ಆಳವನ್ನು ಒಳ ಅಂಚು, ನಡು, ಹೊರ ಅಂಚು ಎಂದು ಮೂರು ಕಡೆ ಅಳೆದು ಬರೆದಿಟ್ಟರೆ, ಮುಂದಿನ ಟೈರುಗಳ ಅಂಚು ಸವೆದಿದೆಯೋ ಹಿಂದಿನದರ ನಡುಭಾಗ ಮಾತ್ರ ಸವೆದಿದೆಯೋ ಎಂಬುದು ಗೊತ್ತಾಗುತ್ತದೆ. ಎರಡನೆಯದೇ ಆಗಿದ್ದರೆ ಲೇಸರ್ ಉಪಕರಣವನ್ನು ಹೊರತೆಗೆಯುವ ಅಗತ್ಯವೇ ಬೀಳುವುದಿಲ್ಲ.