ಸೂಚನಾ ಹಾಳೆ ಮುಗಿದ ಮೇಲೆ

ಸ್ಕೇಲ್ ಮಾಡೆಲ್ ಕಾರು ಕಟ್ಟುವ ಹವ್ಯಾಸದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಾಳ್ಮೆ, ಏಕಾಗ್ರತೆ, ಕೈಚಳಕ ಎಂದು ನಾಲ್ಕು ಮಾತು ಹೊಗಳಿ ಮುಗಿಸುತ್ತಾರೆ. ತಾಳ್ಮೆ ಒಳ್ಳೆಯದೇ. ಆದರೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವವರಿಗೂ ಅದು ಬೇಕಾದಷ್ಟಿರುತ್ತದೆ. ಅದನ್ನು ಯಾರೂ ಕಲೆ ಅನ್ನುವುದಿಲ್ಲ. ಗೇಣುದ್ದದ ಪ್ಲಾಸ್ಟಿಕ್ ಕಾರನ್ನು ಒಂದು ಕೃತಿ ಎಂದು ಎದುರಿಗಿಟ್ಟುಕೊಂಡು ಬೆಲೆ ಕಟ್ಟುವುದಾದರೆ ಕೇಳಬೇಕಾದದ್ದು ಬೇರೆ. ಕಂಪನಿ ಕೊಟ್ಟ ಸೂಚನಾ ಹಾಳೆ ಎಲ್ಲಿಗೆ ಮುಗಿಯಿತು? ಕಟ್ಟಿದವರ ಸ್ವಂತ ತೀರ್ಮಾನ ಎಲ್ಲಿಂದ ಶುರುವಾಯಿತು?

ಈ ಪ್ರಶ್ನೆ ಹುಟ್ಟಲು ಕಾರಣರಾದವರು ಅಮೆರಿಕದ ಮಿಶಿಗನ್ ರಾಜ್ಯದ ಎಎಂಟಿ ಕಂಪನಿಯವರು. ಎರಡನೇ ಮಹಾಯುದ್ಧದ ನಂತರ ಈ ಕಂಪನಿ ಡೀಲರುಗಳಿಗಾಗಿ ಆಯಾ ವರ್ಷದ ಹೊಸ ಕಾರುಗಳ ಪುಟ್ಟ ಪ್ರತಿಕೃತಿಗಳನ್ನು ಮಾಡಿಕೊಡುತ್ತಿತ್ತು. ಶೋರೂಮಿನ ಮೇಜಿನ ಮೇಲೆ ಒಂದು, ಅಪ್ಪನ ಜೊತೆ ಬಂದ ಮಗುವಿನ ಕೈಗೆ ಒಂದು. ಅಸಿಟೇಟ್ ಪ್ಲಾಸ್ಟಿಕ್ಕಿನಲ್ಲಿ ಬಂದವು ಕಾಲಕ್ರಮೇಣ ಬೆನ್ನು ಬಾಗಿ ಸೊಟ್ಟಗಾಗುತ್ತಿದ್ದವು. ಆಮೇಲೆ ಪಾಲಿಸ್ಟೈರೀನ್ ಬಂತು. ಉಕ್ಕಿನ ಅಚ್ಚು ಕೊರೆಸುವುದೇ ಈ ಉದ್ಯಮದ ದೊಡ್ಡ ಖರ್ಚು. ಡೀಲರುಗಳಿಗಾಗಿ ಅಚ್ಚು ಹೇಗೂ ತಯಾರಿತ್ತು. 1958ರಲ್ಲಿ ಎಎಂಟಿ ಅದೇ ಅಚ್ಚುಗಳಿಂದ ಬಿಡಿಭಾಗಗಳನ್ನು ತೆಗೆದು, ಮೇಲೊಂದಿಷ್ಟು ಹೆಚ್ಚುವರಿ ಭಾಗ ಸೇರಿಸಿ, ‘ಥ್ರೀ ಇನ್ ಒನ್’ ಕಿಟ್ ಎಂದು ಮಾರಿತು. ಶೋರೂಮಿನಿಂದ ಇಳಿದ ಹಾಗೆ ಕಟ್ಟಬಹುದು, ಕಸ್ಟಂ ಮಾಡಬಹುದು, ಇಲ್ಲವೇ ರೇಸಿಗೆ ಸಿದ್ಧಗೊಳಿಸಬಹುದು. ಕ್ಯಾಲಿಫೋರ್ನಿಯಾದ ಜಾರ್ಜ್ ಬ್ಯಾರಿಸ್‌ನಂಥ ಹೆಸರುವಾಸಿ ಕಸ್ಟಂ ಕಾರು ತಯಾರಕರನ್ನೂ ಮುಂದೆ ತನ್ನೊಂದಿಗೆ ಸೇರಿಸಿಕೊಂಡಿತು.

ವ್ಯಾಪಾರದ ದೃಷ್ಟಿಯಿಂದ ಇದು ಚಾಣಾಕ್ಷ ಉಪಾಯ. ಆದರೆ ಆ ಮೂರು ಆಯ್ಕೆಗಳೂ ಕಂಪನಿಯವೇ ಎಂಬುದನ್ನು ಮರೆಯಬಾರದು. ಕಿಟ್ ಕೊಂಡ ಹುಡುಗನಿಗೆ ಸಿಕ್ಕಿದ್ದು ಹೋಟೆಲಿನ ಮೆನು ಕಾರ್ಡಿನಷ್ಟು ಸ್ವಾತಂತ್ರ್ಯ. ನನಗೆ ಆ ಪೆಟ್ಟಿಗೆಯಲ್ಲಿ ಮುಖ್ಯ ಅನಿಸುವುದು ಆಯ್ಕೆಗಳಲ್ಲ, ಉಳಿಕೆ. ಒಂದು ಬಗೆಯಲ್ಲಿ ಕಟ್ಟಿ ಮುಗಿಸಿದ ಮೇಲೂ ಹಿಡಿ ತುಂಬ ಭಾಗಗಳು ಕೈಯಲ್ಲಿ ಉಳಿಯುತ್ತಿದ್ದವು: ಬೇರೆ ಚಕ್ರ, ಬೇರೆ ಬಂಪರು, ಇನ್ನೊಂದು ಎಂಜಿನ್ನಿನ ಕಾರ್ಬ್ಯುರೇಟರು. ಮುಂದಿನ ವರ್ಷದ ಫೋರ್ಡಿಗೆ ಹಿಂದಿನ ವರ್ಷದ ಪಾಂಟಿಯಾಕಿನ ಭಾಗ ಹೊಂದೀತೇ ಎಂಬ ಯೋಚನೆ ಹುಟ್ಟುವುದು ಆ ಉಳಿಕೆ ಡಬ್ಬಿಯಿಂದ. ಅದನ್ನು ಯಾವ ಸೂಚನಾ ಹಾಳೆಯೂ ಹೇಳುವುದಿಲ್ಲ. ಇವತ್ತು ‘ಕಿಟ್ ಬ್ಯಾಶಿಂಗ್’ ಎಂದು ಕರೆಯುವ ಕೆಲಸದ ಬೇರು ಅಲ್ಲಿದೆ.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಂದು ದಾರಿಯೂ ಇತ್ತು. ಜನರಲ್ ಮೋಟಾರ್ಸ್ ಕಂಪನಿಯ ಫಿಶರ್ ಬಾಡಿ ವಿಭಾಗ 1930ರಿಂದ 1968ರವರೆಗೆ ಹದಿಹರೆಯದ ಹುಡುಗರಿಗೆ ಒಂದು ಸ್ಪರ್ಧೆ ನಡೆಸಿತು. ಮೊದಲು ನೆಪೋಲಿಯನ್ ಕಾಲದ ಸಾರೋಟಿನ ಮಾದರಿ ಮಾಡಬೇಕಿತ್ತು. ಆಮೇಲೆ ಹುಡುಗರೇ ಕಲ್ಪಿಸಿಕೊಂಡ ಕಾರುಗಳ 1/12 ಅಳತೆಯ ಮಾದರಿಗಳು ಬಂದವು. ಕಿಟ್ ಇಲ್ಲ, ಭಾಗಗಳಿಲ್ಲ. ಮರವನ್ನೋ ಪ್ಲಾಸ್ಟರನ್ನೋ ಕೆತ್ತಿ, ಉಜ್ಜಿ, ಬಣ್ಣ ಹೊಡೆದು ಕಳಿಸಬೇಕು. ಬಹುಮಾನವಾಗಿ ಕಾಲೇಜು ವಿದ್ಯಾರ್ಥಿವೇತನ. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಮುಂದೆ ಅದೇ ಜನರಲ್ ಮೋಟಾರ್ಸಿನ ವಿನ್ಯಾಸ ವಿಭಾಗದ ಮುಖ್ಯಸ್ಥರಾದರು. ಕಿಟ್ ಕಟ್ಟುವ ಹವ್ಯಾಸ ತನ್ನನ್ನು ಈ ಸ್ಪರ್ಧೆಗೆ ಹೋಲಿಸಿಕೊಳ್ಳುವಾಗ ಸ್ವಲ್ಪ ತಗ್ಗಬೇಕು. ಕಿಟ್ಟಿನಲ್ಲಿ ಕಾರಿನ ಆಕಾರ ಮೊದಲೇ ನಿರ್ಧಾರವಾಗಿರುತ್ತದೆ. ಅದನ್ನು ಮೀರಬೇಕಾದರೆ ಗರಗಸ ಹಿಡಿಯಲೇಬೇಕು, ಮತ್ತು ಹೆಚ್ಚಿನವರು ಹಿಡಿಯುವುದಿಲ್ಲ.

ನಿಜದ ಕಾರಿನ ಆಕಾರವನ್ನು ಕಿಟ್ಟೇ ಮೀರಿದರೆ ಏನಾಗಬಹುದು ಎಂಬುದಕ್ಕೆ ವಿಚಿತ್ರ ಉದಾಹರಣೆ ‘ರೆಡ್ ಬ್ಯಾರನ್’ ಕಿಟ್. ಮೊನೊಗ್ರಾಮ್ ಕಂಪನಿಗಾಗಿ ವಿನ್ಯಾಸಕ ಟಾಮ್ ಡೇನಿಯಲ್ 1968ರಲ್ಲಿ ಇದನ್ನು ರೂಪಿಸಿದರು. ಜರ್ಮನ್ ಸೈನಿಕನ ಶಿರಸ್ತ್ರಾಣವೇ ಕಾರಿನ ಚಾವಣಿ. ಮುಂದುಗಡೆ ಮೊದಲ ಮಹಾಯುದ್ಧದ ವಿಮಾನದ ಎಂಜಿನ್. ಅಂಥ ಕಾರು ಎಲ್ಲೂ ಇರಲಿಲ್ಲ. ಕಿಟ್ ಎಷ್ಟು ಜನಪ್ರಿಯವಾಯಿತೆಂದರೆ, ಡೆಟ್ರಾಯಿಟಿನ ಚಕ್ ಮಿಲ್ಲರ್ ಎಂಬ ಕಸ್ಟಂ ತಯಾರಕ ಅದನ್ನು ನೋಡಿ ನಿಜವಾದ ಗಾತ್ರದ ಕಾರನ್ನೇ ಕಟ್ಟಿದ. ವಿಮಾನದ ಎಂಜಿನ್ನಿನ ಬದಲು ಪಾಂಟಿಯಾಕ್ ಎಂಜಿನ್ ಕೂರಿಸಿದ. ಇದನ್ನು ಅಭಿರುಚಿಯ ಕೃತಿ ಅನ್ನಲಾರೆ. ಆದರೂ ಮಾಡೆಲ್ ಯಾವಾಗಲೂ ನಿಜದ ಬಾಲ ಹಿಡಿದೇ ನಡೆಯಬೇಕು ಎಂಬ ನಂಬಿಕೆಯನ್ನು ಇದು ಚೆನ್ನಾಗಿ ಕೆಣಕಿತು.

ಇನ್ನು ಜಪಾನಿನ ಶಿಜುಓಕಾಗೆ ಬರೋಣ. ತಮಿಯಾ, ಹಸೆಗಾವಾ, ಆವೊಶಿಮಾ, ಫುಜಿಮಿ, ಎಲ್ಲವೂ ಅದೇ ಪ್ರಾಂತ್ಯದವು. 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾದ ತಮಿಯಾ 1960ರಲ್ಲಿ ‘ಯಮಾಟೊ’ ಯುದ್ಧನೌಕೆಯ ಕಿಟ್ಟಿನೊಂದಿಗೆ ಪ್ಲಾಸ್ಟಿಕ್ಕಿಗೆ ಬಂತು. 1976ರ ಪೋರ್ಷೆ 934 ಕಿಟ್ಟಿಗಾಗಿ ಕಂಪನಿಯ ಶುನ್‌ಸಾಕು ತಮಿಯಾ ನಿಜವಾದ ಪೋರ್ಷೆ 911 ಕಾರೊಂದನ್ನು ಕೊಂಡು, ಬಿಚ್ಚಿಸಿ, ಒಂದೊಂದನ್ನೂ ಅಳೆಸಿದ ಕಥೆ ಈ ವಲಯದಲ್ಲಿ ಎಲ್ಲರಿಗೂ ಗೊತ್ತು. ಆ ಶ್ರದ್ಧೆ ಪೆಟ್ಟಿಗೆ ತೆರೆದ ಕೂಡಲೇ ಕಾಣುತ್ತದೆ. ಭಾಗಗಳು ಅಂಟಿಲ್ಲದೆಯೂ ಹೆಚ್ಚುಕಡಿಮೆ ಕೂತುಬಿಡುತ್ತವೆ. ನೀರಿನಂಥ ತೆಳು ಸಿಮೆಂಟನ್ನು ಕುಂಚದ ತುದಿಯಿಂದ ಸಂದಿಗೆ ಮುಟ್ಟಿಸಿದರೆ ಸಾಕು, ತಾನೇ ಒಳಗೆ ಹರಿದು ಪ್ಲಾಸ್ಟಿಕ್ಕನ್ನು ಕರಗಿಸಿ ಎರಡನ್ನೂ ಒಂದು ಮಾಡುತ್ತದೆ.

ತಮಿಯಾ ಕಿಟ್ಟಿಗೆ ನನ್ನ ಆಕ್ಷೇಪಣೆ ಸಣ್ಣದು, ಆದರೆ ಇದೆ. ಅದು ಎಷ್ಟು ಚೆನ್ನಾಗಿ ಯೋಚಿಸಿಟ್ಟಿರುತ್ತದೆಂದರೆ ನಾವು ಯೋಚಿಸುವುದಕ್ಕೆ ಜಾಗ ಕಡಿಮೆ. ಹತ್ತು ಜನ ಶ್ರದ್ಧೆಯಿಂದ ಕಟ್ಟಿದರೆ ಹತ್ತೂ ಒಂದೇ ಥರ. ಹಾಗೆಂದು ಹಳೆಯ ಅಮೆರಿಕನ್ ಕಿಟ್ಟುಗಳ ಸಡಿಲ ಜೋಡಣೆಯನ್ನು ಗುಣ ಎಂದು ಕೊಂಡಾಡುವವರ ಗುಂಪಿಗೂ ನಾನು ಸೇರುವುದಿಲ್ಲ. ಬಾನೆಟ್ಟು ಕೂರದಿದ್ದರೆ ಅದು ಅಚ್ಚಿನ ದೋಷ ಅಷ್ಟೆ; ಅದನ್ನು ತಿದ್ದಲು ಸಂಜೆಯೆಲ್ಲ ಕಳೆದವರಿಗೆ ಯಾವ ದರ್ಶನವೂ ಆಗುವುದಿಲ್ಲ.

ಈ ಹವ್ಯಾಸದ ನಿಜವಾದ ಪರೀಕ್ಷೆ ಬಣ್ಣದಲ್ಲಿ ನಡೆಯುತ್ತದೆ, ಮತ್ತು ಬಹಳ ಮಂದಿ ಅಲ್ಲೇ ಸೋಲುತ್ತಾರೆ. ಸೋಲು ಅಂದರೆ ಕೆಟ್ಟದಾಗಿ ಹೊಡೆಯುವುದಲ್ಲ, ವಿಪರೀತ ಚೆನ್ನಾಗಿ ಹೊಡೆಯುವುದು. ಸ್ವಲ್ಪ ಲೆಕ್ಕ ನೋಡಿ. ನಿಜವಾದ ಕಾರಿನ ಬಾಗಿಲಿನ ಸಂದು ನಾಲ್ಕೈದು ಮಿಲಿಮೀಟರ್. 1/24 ಅಳತೆಯಲ್ಲಿ ಅದು 0.2 ಮಿ.ಮೀ. ಪ್ರೈಮರು, ಬಣ್ಣ, ಅದರ ಮೇಲೆ ಹೊಳಪಿನ ಲ್ಯಾಕರು ಎಲ್ಲ ಸೇರಿ 0.1 ಮಿ.ಮೀ. ದಪ್ಪವಾದರೆ, ನಿಜದ ಕಾರಿಗೆ ಅದು 2.4 ಮಿ.ಮೀ. ಲೇಪ ಬಳಿದ ಹಾಗೆ. ಸಂದು ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ, ಚಕ್ರದ ಮೇಲಿನ ಚೂಪು ಅಂಚು ಮೊಂಡಾಗುತ್ತದೆ. ಗ್ಯಾರೇಜಿನ ಮೆಟಾಲಿಕ್ ಬಣ್ಣ ತಂದು ಹೊಡೆದರೆ ಇನ್ನೂ ಕಷ್ಟ. ಅದರೊಳಗಿನ ಲೋಹದ ಕಣಕ್ಕೆ ಅಳತೆ ತಗ್ಗಿಸುವ ದಾರಿಯಿಲ್ಲ. 40 ಮೈಕ್ರಾನಿನ ಕಣ ನಿಜದ ಕಾರಿನ ಮೇಲೆ ಒಂದು ಮಿಲಿಮೀಟರಿನ ಮಿಣುಕು ಆಗಿ ಕಂಡೀತು. ಇಷ್ಟಾದ ಮೇಲೆ 2000, 4000 ನಂಬರಿನ ವಾಟರ್ ಪೇಪರಿನಿಂದ ಉಜ್ಜಿ, ಪಾಲಿಶ್ ಹಾಕಿ, ಕನ್ನಡಿಯಂತೆ ಮಾಡಿ ತೋರಿಸುತ್ತಾರೆ. ಕೈಕೆಲಸ ಅದ್ಭುತ. ಆದರೆ ಕಣ್ಣಿಗೆ ಕಾಣುವುದು ಪಿಂಗಾಣಿಯ ಗೊಂಬೆ, ಕಾರಲ್ಲ. ಹತ್ತು ಮೀಟರ್ ದೂರದಿಂದ ಕಾರನ್ನು ನೋಡಿದಾಗ ಹೊಳಪು ಅಷ್ಟಿರುವುದಿಲ್ಲ, ಬಣ್ಣವೂ ಒಂದು ಪಾಲು ಮಾಸಲಾಗಿ ಕಾಣುತ್ತದೆ. ಅಳತೆಗೆ ತಕ್ಕ ಹಾಗೆ ಬಣ್ಣವನ್ನು ತೆಳು ಮಾಡುವ, ಹೊಳಪನ್ನು ತುಸು ಕೊಲ್ಲುವ ತೀರ್ಮಾನ ತೆಗೆದುಕೊಂಡವರೇ ನನ್ನ ದೃಷ್ಟಿಯಲ್ಲಿ ಗಟ್ಟಿಗರು.

ಈ ತಪ್ಪು ದಾರಿಗೆ ಸ್ಪರ್ಧೆಗಳ ಪಾಲೂ ಇದೆ. ಟಾರ್ಚು ಬಿಟ್ಟು, ಕನ್ನಡಿ ಹಿಡಿದು ಕಾರಿನ ಹೊಟ್ಟೆ ನೋಡುವ ತೀರ್ಪುಗಾರರ ಕಣ್ಣಿಗೆ ದೋಷ ಬೇಗ ಸಿಗುತ್ತದೆ, ಯೋಚನೆ ನಿಧಾನ. ಧೂಳಿನ ಕಣವೊಂದಕ್ಕೆ ಅಂಕ ಕಳೆಯಬಹುದು. ‘ಈ ಕಾರಿಗೆ ಈ ಚಕ್ರ ಯಾಕೆ’ ಎಂಬ ಪ್ರಶ್ನೆಗೆ ಅಂಕ ಕೊಡುವುದು ಕಷ್ಟ. ಹಾಗಾಗಿ ಸ್ಪರ್ಧೆಗೆಂದೇ ಕಟ್ಟುವವರು ದೋಷರಹಿತವಾಗುವುದರಲ್ಲೇ ಜೀವ ಸವೆಸುತ್ತಾರೆ. ಕಿಟ್ಟಿನ ಪೆಟ್ಟಿಗೆಯಲ್ಲಿ ಬಂದದ್ದನ್ನಷ್ಟೇ ಬಳಸಬೇಕೆಂಬ ‘ಔಟ್ ಆಫ್ ದಿ ಬಾಕ್ಸ್’ ವಿಭಾಗ ಈ ಗದ್ದಲದಲ್ಲಿ ಹೆಚ್ಚು ಪ್ರಾಮಾಣಿಕ. ಅಲ್ಲಿ ಕನಿಷ್ಠಪಕ್ಷ ಹಣ ಗೆಲ್ಲುವುದಿಲ್ಲ.

ಹಣದ ಮಾತು ಬಂದದ್ದರಿಂದ ಹೇಳುತ್ತೇನೆ. ಇವತ್ತಿನ ಕಸ್ಟಂ ಕೆಲಸದಲ್ಲಿ ದೊಡ್ಡ ಪಾಲು ಖರೀದಿ. ರೆಸಿನ್ನಿನ ಅಗಲ ಮಡ್‌ಗಾರ್ಡು ಬೇಕೇ, ಸಿಗುತ್ತದೆ. ಫೋಟೊ ಎಚ್ ಮಾಡಿದ ಹಿತ್ತಾಳೆಯ ವೈಪರು, 3ಡಿ ಪ್ರಿಂಟ್ ಆದ ಚಕ್ರ, ನಿಜದ ಹೊಲಿಗೆಯಂತೆ ಕಾಣುವ ಸೀಟ್‌ಬೆಲ್ಟು, ಎಲ್ಲವೂ ಪೊಟ್ಟಣದಲ್ಲಿ ಬರುತ್ತವೆ. ಕೊಂಡು ಅಂಟಿಸಿದರೆ ‘ಕಸ್ಟಮೈಸ್’ ಆಯಿತು. 1958ರ ಮೆನು ಕಾರ್ಡು ಈಗ ದಪ್ಪ ಪುಸ್ತಕವಾಗಿದೆ, ಅಷ್ಟೇ. ಅದರಲ್ಲೂ ಜಪಾನಿನ ಕಾರುಗಳಿಗೆ ಸಿಗುವ ಅಗಲ ದೇಹದ ಸೆಟ್ಟುಗಳನ್ನು ಹಾಕಿದ ಮಾಡೆಲುಗಳು ಒಂದನ್ನೊಂದು ಹೋಲುವ ಪರಿ ನೋಡಿದರೆ, ಎಲ್ಲರೂ ಭಿನ್ನವಾಗಲು ಹೊರಟು ಒಂದೇ ಸಮವಸ್ತ್ರ ಹೊಲಿಸಿಕೊಂಡರೇ ಅನಿಸುತ್ತದೆ.

ಹಾಗಾದರೆ ಒಳ್ಳೆಯ ಕಸ್ಟಂ ಕೆಲಸ ಹೇಗಿರಬೇಕು? ನಮಗೆ ಹತ್ತಿರದ ಒಂದು ಸಾಧ್ಯತೆ ಹೇಳುತ್ತೇನೆ. ಹಸೆಗಾವಾ ಕಂಪನಿ ಸುಜುಕಿ ಜಿಮ್ನಿ ಜೆಎ11 ಜೀಪಿನ 1/24 ಕಿಟ್ ಮಾಡಿದೆ. ನಮ್ಮ ಮಾರುತಿ ಜಿಪ್ಸಿ ಇದೇ ವಂಶದ್ದು. 1985ರಲ್ಲಿ ಬಂದು ಪೊಲೀಸರಿಗೆ, ಸೇನೆಗೆ, ರ‍್ಯಾಲಿ ಚಾಲಕರಿಗೆ ದಶಕಗಳ ಕಾಲ ದುಡಿದ ಗಾಡಿ. ಆದರೆ ಎರಡೂ ಒಂದೇ ಅಲ್ಲ. ಜಿಮ್ನಿಯ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 2030 ಮಿ.ಮೀ.; ಜಿಪ್ಸಿಯದು 2375. ವ್ಯತ್ಯಾಸ 345 ಮಿ.ಮೀ., ಅಂದರೆ ಮಾಡೆಲಿನಲ್ಲಿ 14.4. ಜಿಪ್ಸಿ ಅಗಲದಲ್ಲೂ ದೊಡ್ಡದು: 1395ಕ್ಕೆ ಎದುರಾಗಿ 1540, ಮಾಡೆಲಿನಲ್ಲಿ ಆರು ಮಿ.ಮೀ. ಹೆಚ್ಚು. ಬಾಗಿಲಿನ ಹಿಂದೆ ದೇಹವನ್ನು ಕೊಯ್ದು ಸ್ಟೈರೀನ್ ಹಾಳೆಯ ತುಂಡು ಸೇರಿಸಬೇಕು. ಛಾಸಿಯನ್ನೂ ಅದೇ ಜಾಗದಲ್ಲಿ ಕತ್ತರಿಸಿ ಉದ್ದ ಮಾಡಬೇಕು, ಪ್ರೊಪೆಲ್ಲರ್ ಶಾಫ್ಟು ಹೊಸದಾಗಬೇಕು. ಚಕ್ರಗಳನ್ನು ಹೊರಗೆ ತಳ್ಳಿ, ಮಡ್‌ಗಾರ್ಡಿನ ಅಂಚನ್ನು ಅಷ್ಟೇ ಅಗಲಿಸಿ, ಬೆಸುಗೆಯ ಗೆರೆ ಕಾಣದ ಹಾಗೆ ಪುಟ್ಟಿ ತುಂಬಿ ಉಪ್ಪುಕಾಗದದಿಂದ ಉಜ್ಜಬೇಕು.

ಇಲ್ಲಿ ಯಾವ ಸೂಚನಾ ಹಾಳೆಯೂ ನೆರವಿಗೆ ಬರುವುದಿಲ್ಲ. ಟೇಪು ಹಿಡಿದು ನಿಜವಾದ ಜಿಪ್ಸಿಯ ಹತ್ತಿರ ಹೋಗಬೇಕು. ಅದು ಯಾರ ಜಿಪ್ಸಿ ಎಂದು ಮೊದಲು ತೀರ್ಮಾನಿಸಬೇಕು. ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ರ‍್ಯಾಲಿ ಓಡಿದ್ದಾದರೆ ಮಣ್ಣು ಕೆಂಪಗಿರಬೇಕು; ಚಕ್ರದ ಹಿಂಬದಿಗೆ ದಪ್ಪ, ಬಾಗಿಲಿನ ಕೆಳಗೆ ಚಿಮ್ಮಿದ ಹಾಗೆ, ಬಾನೆಟ್ಟಿನ ಮೇಲೆ ಬರೀ ಧೂಳು. ಒಂದೇ ಕಂದು ಬಣ್ಣವನ್ನು ಎಲ್ಲ ಕಡೆ ಸಿಂಪಡಿಸಿದರೆ ಸುಳ್ಳು ಗೊತ್ತಾಗಿಬಿಡುತ್ತದೆ. ಇಂಥ ಮಾಡೆಲಿನ ಬೆಸುಗೆಯಲ್ಲಿ ಒಂದು ಕೂದಲೆಳೆ ಬಿರುಕು ಉಳಿದಿದ್ದರೂ ಅದನ್ನು ನಾನು ಕನ್ನಡಿಯಂತೆ ಹೊಳೆಯುವ ಫೆರಾರಿಗಿಂತ ಮೇಲೆ ಇಡುತ್ತೇನೆ.

ನಮ್ಮಲ್ಲಿ ಈ ಹವ್ಯಾಸ ಬೆಳೆಯದಿರಲು ಕಾರಣಗಳಿವೆ. ಸುಂಕದ ಪಟ್ಟಿಯಲ್ಲಿ ಸ್ಕೇಲ್ ಮಾಡೆಲುಗಳು ಆಟಿಕೆಗಳ ಜೊತೆಗೇ ಬರುತ್ತವೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ದೇಶದ ಆಟಿಕೆ ಉದ್ಯಮವನ್ನು ಕಾಯುವ ಉದ್ದೇಶ ಅರ್ಥವಾಗುವಂಥದ್ದೇ. ಆದರೆ ಹದಿನೈದು ವರ್ಷದ ಹುಡುಗಿಯೊಬ್ಬಳು ಕಾರಿನ ಛಾಸಿ ಹೇಗಿರುತ್ತದೆಂದು ಕೈಯಾರೆ ಕಲಿಯುವ ವಸ್ತುವನ್ನು ಗಿಲಕಿಯ ಸಾಲಿಗೆ ಹಾಕಿರುವುದು ಸರಿಯಲ್ಲ. ಹವೆಯೂ ತನ್ನ ಪಾಲು ಕೇಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಗಾಳಿಯ ತೇವ ಹಿಡಿದು ಬಣ್ಣ ಬಿಳಿಚಿಕೊಳ್ಳುತ್ತದೆ. ಮಂಗಳೂರಿನವರು ಬಣ್ಣದ ಕೆಲಸವನ್ನು ಮಳೆ ಮುಗಿಯುವವರೆಗೆ ಮುಂದೂಡುವುದೇ ಮೇಲು.

ಹೊಸದಾಗಿ ಶುರುಮಾಡುವವರಿಗೆ ಇಷ್ಟು ಹೇಳಬಹುದು. ಮೊದಲ ಕಿಟ್ಟಿಗೆ ಮೆಟಾಲಿಕ್ ಬಣ್ಣ ಬೇಡ, ತಿಳಿಯಾದ ಸಾದಾ ಬಣ್ಣ ಸಾಕು. ಹಿತ್ತಾಳೆಯ ಭಾಗಗಳ ಪೊಟ್ಟಣಕ್ಕೆ ಹಣ ಸುರಿಯಬೇಡಿ. ಬಣ್ಣ ಸಿಂಪಡಿಸುವಾಗ ಕಿಟಕಿ ತೆಗೆದಿಡಿ. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ದ್ರಾವಕದ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕಾರು ಕಟ್ಟಿ ಮುಗಿದ ಮೇಲೆ ಉಳಿದ ಭಾಗಗಳನ್ನು ಮಾತ್ರ ಕಸದ ಬುಟ್ಟಿಗೆ ಹಾಕಬೇಡಿ, ಒಂದು ಡಬ್ಬಿಯಲ್ಲಿ ಹಾಕಿಡಿ.