ಕಾರಣಿಕ ಮತ್ತು ಆಮೆನ್: ಬಾಬ್ ಡಿಲನ್ ಅವರ ಸುವಾರ್ತಾ ಗೀತೆಗಳು

ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಡೆಂಕನಮರಡಿಯ ಮೇಲೆ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಜನಸಾಗರ ಮೌನ ತಾಳುತ್ತದೆ. ಅವನಾಡುವುದು ಒಂದೇ ನುಡಿ. ಮಳೆಯೋ, ಬೆಳೆಯೋ, ರಾಜ್ಯಭಾರವೋ ಎಂದು ಅದರ ಅರ್ಥವನ್ನು ಬಿಡಿಸುವವರು ಜನರೇ. ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಸಭಾಸೇವೆ ಮಾಡುವವರಿಗೆ ಈ ಕಾರಣಿಕ ಹೊಸದಲ್ಲ. ನುಡಿದವನಷ್ಟೇ ಕೇಳಿದವರೂ ಅದರಲ್ಲಿ ಪಾಲುಗಾರರು. ಅಮೆರಿಕದ ರಾಕ್ ಗಾಯಕ ಬಾಬ್ ಡಿಲನ್ ಅವರ ಸುವಾರ್ತಾ ಗೀತೆಗಳನ್ನೂ ಈ ದೃಷ್ಟಿಯಿಂದಲೇ ಆಲಿಸಬೇಕೆಂದು ನಮಗೆ ತೋರುತ್ತದೆ.

1962ರಿಂದ ಧ್ವನಿಮುದ್ರಿಕೆಗಳನ್ನು ತರುತ್ತಿದ್ದ ಡಿಲನ್, ಕ್ರಿಸ್ತನನ್ನು ಅರಿಕೆ ಮಾಡಿದ ಮೇಲೆ 1979ರಲ್ಲಿ ‘ಸ್ಲೋ ಟ್ರೈನ್ ಕಮಿಂಗ್’ ಹೊರತಂದರು. ಅರೀಥಾ ಫ್ರಾಂಕ್ಲಿನ್ ಅವರ ಹಾಡುಗಳನ್ನು ನಿರ್ಮಿಸಿದ್ದ ಜೆರ್ರಿ ವೆಕ್ಸ್ಲರ್ ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಇದನ್ನು ಸಿದ್ಧಪಡಿಸಿದವರಲ್ಲಿ ಒಬ್ಬರು. ಫಂಕ್ ಸಂಗೀತದಲ್ಲಿರುವಂತೆ ಇಲ್ಲಿಯೂ ಬೇಸ್ ಗಿಟಾರು ಮತ್ತು ಡ್ರಮ್ಮುಗಳು ಚಿಕ್ಕದೊಂದು ಲಯವನ್ನು ಬಿಗಿಹಿಡಿದು, ನಡುನಡುವೆ ತೆರವು ಬಿಡುತ್ತವೆ. ಆ ತೆರವಿನಲ್ಲಿ ಸ್ತ್ರೀಕಂಠಗಳು ಉತ್ತರ ಕೊಡುತ್ತವೆ. ಕರೆ ಮತ್ತು ಮಾರುತ್ತರದ ಈ ಪದ್ಧತಿ ಕಪ್ಪುಜನರ ಸಭೆಗಳಿಂದ ಬಂದದ್ದು.

ಹಾಡುಗಳ ಮಾತು ಬಹುಮಟ್ಟಿಗೆ ನ್ಯಾಯತೀರ್ಪಿನ ಮಾತು. ಕಠೋರವೆಂದು ದೂರಿದವರು ಹಲವರು. ಆದರೆ ಧರ್ಮೋಪದೇಶಕಾಂಡದ 27ನೆಯ ಅಧ್ಯಾಯದಲ್ಲಿ ಲೇವಿಯರು ಸಾರುವ ಹನ್ನೆರಡು ಶಾಪಗಳು ಮೃದುವೇ? ಅಲ್ಲಿ ಪ್ರತಿಯೊಂದಕ್ಕೂ ಜನರು ಆಮೆನ್ ಎನ್ನಬೇಕು. ಶಾಪವು ಪರರ ಮೇಲೆ ಎಸೆದ ಕಲ್ಲಾಗದೆ, ಎಲ್ಲರೂ ಕೂಡಿ ಹೊತ್ತ ನೊಗವಾಗುವುದು ಆ ಆಮೆನ್‌ನಿಂದ. ಡಿಲನ್ ಅವರ ಹಾಡುಗಳಲ್ಲಿ ಆ ಕೆಲಸವನ್ನು ಮಾಡುವವರು ಹಿಂದೆ ನಿಂತ ಗಾಯಕಿಯರು.

1979ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ರಂಗಮಂದಿರದಲ್ಲಿ ಹದಿನಾಲ್ಕು ಕಛೇರಿಗಳು ನಡೆದವು. ಮೊದಲು ಗಾಯಕಿಯರ ಸುವಾರ್ತಾ ಗೀತೆಗಳು, ಬಳಿಕ ಡಿಲನ್. ಹಳೆಯ ಹಾಡುಗಳಲ್ಲಿ ಒಂದನ್ನೂ ಅವರು ಹಾಡಲಿಲ್ಲ. ಹಾಡುಗಳ ನಡುವೆ ಪ್ರಸಂಗ ಮಾಡಿದರು. ಕೆಲವರು ಕೂಗಾಡಿದರು. ನಮ್ಮ ಅಭಿಪ್ರಾಯದಲ್ಲಿ ಆ ಪ್ರಸಂಗಗಳೇ ದುರ್ಬಲ ಭಾಗ: ಹಾಡಿನಲ್ಲಿದ್ದ ತೆರವು ಅವುಗಳಲ್ಲಿಲ್ಲ. (ಪ್ರಸಂಗಪೀಠ ಏರುವ ನಮಗೂ ಇದು ಅನ್ವಯಿಸೀತು.) 1980ರ ‘ಸೇವ್ಡ್’ ಕಲೆಯಲ್ಲಿ ಮೊದಲನೆಯದಕ್ಕಿಂತ ಒರಟಾದರೂ ಅದರಲ್ಲಿ ಸಭೆಯ ಉಸಿರು ಹೆಚ್ಚು ಕೇಳಿಬರುತ್ತದೆ.

2003ರಲ್ಲಿ ಶರ್ಲಿ ಸೀಸರ್ ಮೊದಲಾದ ಸುವಾರ್ತಾ ಗಾಯಕರು ಇದೇ ಹಾಡುಗಳನ್ನು ಮುದ್ರಿಸಿಕೊಟ್ಟರು. ಯಾರಿಂದ ರಾಗ ಕಡವಾಗಿ ಬಂದಿತ್ತೋ ಅವರ ಬಾಯಿಗೇ ಹಾಡು ಮರಳಿತು. ಆ ಮುದ್ರಿಕೆಗಾಗಿ ಡಿಲನ್ ತಮ್ಮ 1979ರ ಹಾಡೊಂದನ್ನು ಬಹುಪಾಲು ಹೊಸ ಮಾತುಗಳಲ್ಲಿ ಬರೆದು, ಮೇವಿಸ್ ಸ್ಟೇಪಲ್ಸ್ ಅವರೊಡನೆ ಹಾಡಿದರು. ಇಲ್ಲಿ ಉತ್ತರ ಕೊಡುವ ಸ್ತ್ರೀಕಂಠವು ಹಿಂದಿಲ್ಲ, ಪಕ್ಕದಲ್ಲಿದೆ.