ಮೂರನೇ ಗಿಟಾರ್

ರಾಕ್ ಕೇಳುವ ಗೆಳೆಯರು ಸೇರಿದರೆ ಮಾತು ಬೇಗ ಗಿಟಾರ್ ಸೋಲೊಗಳ ಕಡೆ ಹೊರಳುತ್ತದೆ. ‘ಹೋಟೆಲ್ ಕ್ಯಾಲಿಫೋರ್ನಿಯಾ’ದ ಕೊನೆಯ ಎರಡು ನಿಮಿಷ ದೊಡ್ಡದೋ, ‘ಕಂಫರ್ಟಬ್ಲಿ ನಂಬ್’ನ ಎರಡನೇ ಸೋಲೊ ದೊಡ್ಡದೋ ಎಂಬ ಜಗಳದಲ್ಲಿ ಕಾಫಿ ಆರಿಹೋಗುತ್ತದೆ. ನನ್ನ ಮತ ಎರಡಕ್ಕೂ ಇಲ್ಲ. ಪಿಂಕ್ ಫ್ಲಾಯ್ಡ್‌ನ ‘ವಿಶ್ ಯೂ ವರ್ ಹಿಯರ್’ ಹಾಡಿನಲ್ಲಿ ಗಾಯನಕ್ಕೆ ಮುಂಚೆ ಬರುವ ಒಂದೂವರೆ ನಿಮಿಷಕ್ಕೆ ಸಾಟಿಯಾದದ್ದು ನನಗೆ ಇನ್ನೂ ಸಿಕ್ಕಿಲ್ಲ.

1975ರ ಅದೇ ಹೆಸರಿನ ಆಲ್ಬಂನಲ್ಲಿ ಇದಕ್ಕೆ ಹಿಂದಿನ ಹಾಡು ರಾಯ್ ಹಾರ್ಪರ್ ಹಾಡಿರುವ ‘ಹ್ಯಾವ್ ಎ ಸಿಗಾರ್’. ಇಡೀ ಬ್ಯಾಂಡ್ ಅಬ್ಬರಿಸುತ್ತಿರುವಾಗಲೇ ಸದ್ದೆಲ್ಲ ಒಮ್ಮೆಲೇ ಕುಗ್ಗಿ ಪುಟ್ಟ ರೇಡಿಯೊದೊಳಗೆ ಸೇರಿಕೊಳ್ಳುತ್ತದೆ. ಯಾರೋ ಸ್ಟೇಷನ್ ತಿರುಗಿಸುತ್ತಾರೆ. ಗೊರಗೊರ, ಮಾತಿನ ಚೂರು, ಚೈಕೋವ್‌ಸ್ಕಿಯ ನಾಲ್ಕನೇ ಸಿಂಫನಿಯ ಒಂದು ತುಣುಕು. ಡೇವಿಡ್ ಗಿಲ್ಮೋರ್ ಇದನ್ನು ತಮ್ಮ ಕಾರಿನ ರೇಡಿಯೊದಿಂದಲೇ ಹಿಡಿದಿದ್ದರು. ಆಮೇಲೆ, ಅದೇ ರೇಡಿಯೊದಲ್ಲಿ ಬರುತ್ತಿದೆಯೇನೋ ಎಂಬಂತೆ, ಹನ್ನೆರಡು ತಂತಿಯ ಗಿಟಾರ್ ದೂರದಲ್ಲಿ ತೆಳ್ಳಗೆ ಶುರುವಾಗುತ್ತದೆ. ನಡುವೆ ಯಾರೋ ಕೆಮ್ಮುತ್ತಾರೆ. ಎರಡನೇ ಗಿಟಾರ್ ಬರುವುದು ಆಗ, ನಮ್ಮ ಮಗ್ಗುಲಲ್ಲೇ ಕೂತು ನುಡಿಸಿದಂತೆ, ಬೆರಳು ತಂತಿಯ ಮೇಲೆ ಜಾರುವುದೂ ಕೇಳುವಷ್ಟು ಹತ್ತಿರದಲ್ಲಿ. ಕೋಣೆಯಲ್ಲಿ ಒಬ್ಬನೇ ಕೂತ ಹುಡುಗ ರೇಡಿಯೊ ಜೊತೆ ನುಡಿಸಿಕೊಳ್ಳುತ್ತಿದ್ದಾನೆ, ಅಷ್ಟೇ.

ನಾನಿದನ್ನು ಮೊದಲು ಕೇಳಿದ್ದು ಹಾಸನದಲ್ಲಿ, ದೊಡ್ಡಪ್ಪನ ಮನೆಯ ಮಹಡಿ ಕೋಣೆಯಲ್ಲಿ. ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಓದುತ್ತಿದ್ದ. ರಜೆಗೆ ಬರುವಾಗ ಕ್ಯಾಸೆಟ್ ಅಂಗಡಿಯಲ್ಲಿ ರೆಕಾರ್ಡ್ ಮಾಡಿಸಿಕೊಂಡು ತರುತ್ತಿದ್ದ. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ ಎಂದರೆ 45 ನಿಮಿಷ. ಈ ಆಲ್ಬಂ 44 ನಿಮಿಷದ್ದು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಟೂ ಇನ್ ಒನ್‌ನಲ್ಲಿ ಆ ಗೊರಗೊರ ಬಂದಾಗಲೆಲ್ಲ ಕೆಳಗಿನಿಂದ ದೊಡ್ಡಮ್ಮ, “ಲೋ, ಸ್ಟೇಷನ್ ಸರಿಯಾಗಿ ಇಡ್ರೋ, ಕಿವಿ ತೂತು ಬೀಳ್ತಾ ಇದೆ” ಎಂದು ಕೂಗುತ್ತಿದ್ದರು. ಅಣ್ಣ ನಕ್ಕು, ಮಂಚದ ಅಂಚಿಗೆ ಸರಿದು, ತನ್ನ ಅಗ್ಗದ ಗಿಟಾರ್ ಎತ್ತಿಕೊಳ್ಳುತ್ತಿದ್ದ. ಎರಡನೇ ಗಿಟಾರ್ ಬಂದ ಗಳಿಗೆಗೆ ಇವನೂ ಸೇರುತ್ತಿದ್ದ. ರೇಡಿಯೊದೊಳಗಿನದು ಒಂದು, ಅದರ ಜೊತೆಗಾರನದು ಇನ್ನೊಂದು, ಇವನದು ಮೂರನೆಯದು. ಇವನ ಮೂರನೇ ತಂತಿ ಸದಾ ಚೂರು ಇಳಿದೇ ಇರುತ್ತಿತ್ತು.

ಅಣ್ಣ ಕೆಲಸ ಸಿಕ್ಕಿ ಮಸ್ಕತ್‌ಗೆ ಹೊರಟಾಗ ಕ್ಯಾಸೆಟ್ ನನ್ನ ಪಾಲಿಗೆ ಬಂತು. ಹಾಡು ಶುರುವಾಗಿ ಎರಡನೇ ಗಿಟಾರ್ ಬಂದ ಮೇಲೆ ಕಿವಿ ಮೂರನೆಯದಕ್ಕೆ ಕಾಯುವುದು ಇವತ್ತಿಗೂ ನಿಂತಿಲ್ಲ. ನೆನಪನ್ನು ನಾವು ಹಾಡಿಗೆ ಅಂಟಿಸುತ್ತೇವೆ ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೆಲವು ಹಾಡುಗಳು ಇನ್ನೊಬ್ಬರು ಬಂದು ಕೂರಲು ಜಾಗ ಬಿಟ್ಟೇ ಹುಟ್ಟಿರುತ್ತವೆ. ಈ ಆಲ್ಬಂ ಅಂತೂ ಇಲ್ಲದವನೊಬ್ಬನನ್ನು ಕುರಿತದ್ದೇ. ಬ್ಯಾಂಡ್ ಕಟ್ಟಿ ಬೆಳೆಸಿ 1968ರಲ್ಲಿ ಹೊರಬಿದ್ದ ಸಿಡ್ ಬ್ಯಾರೆಟ್, 1975ರ ಜೂನ್ 5ರಂದು ಅದರ ಕೆಲಸ ನಡೆಯುತ್ತಿದ್ದ ಆ್ಯಬಿ ರೋಡ್ ಸ್ಟುಡಿಯೊಗೆ ತಾವಾಗಿಯೇ ಬಂದರು. ಮೈ ಬಂದಿತ್ತು, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡಿದ್ದರು. ಹಳೆಯ ಗೆಳೆಯರಿಗೆ ಗುರುತೇ ಹತ್ತಲಿಲ್ಲ.

ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಗೆ ಡೈರ್ ಸ್ಟ್ರೇಟ್ಸ್‌ನ 1978ರ ಮೊದಲ ಆಲ್ಬಂ ಇತ್ತು. ಅದರ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಎಲ್ಲರಿಗೂ ಗೊತ್ತು. ದಕ್ಷಿಣ ಲಂಡನ್ನಿನ ಡೆಟ್‌ಫರ್ಡ್‌ನಲ್ಲಿ, ಹೆಚ್ಚುಕಡಿಮೆ ಖಾಲಿಯಿದ್ದ ಪಬ್ಬಿನಲ್ಲಿ ಜಾಜ್ ನುಡಿಸುತ್ತಿದ್ದ ತಂಡವೊಂದನ್ನು ಕಂಡು ಮಾರ್ಕ್ ನಾಪ್‌ಫ್ಲರ್ ಬರೆದದ್ದು. ಪಿಕ್ ಹಿಡಿಯದೆ ಬರಿ ಬೆರಳಲ್ಲೇ ಮೀಟುವ ಕೈ ಅದು, ಹಾಗಾಗಿ ಒಂದೊಂದು ಸ್ವರವೂ ಚಿಟಿಕೆ ಹೊಡೆದಂತೆ ಬಿಡಿಬಿಡಿಯಾಗಿ ಕೇಳುತ್ತದೆ. ನನಗೆ ಈ ಹಾಡೆಂದರೆ ನಮ್ಮೂರ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ. ಹನ್ನೊಂದು ದಾಟಿದರೆ ಹೆಂಗಸರು, ಮಕ್ಕಳು ಎದ್ದು ಹೋಗುತ್ತಿದ್ದರು. ಮುಂದಿನ ಸಾಲಿನ ಕುರ್ಚಿಗಳನ್ನು ಶಾಮಿಯಾನದವರು ಮಡಚತೊಡಗುತ್ತಿದ್ದರು. ಹಗಲು ವೈಂಡಿಂಗ್ ಅಂಗಡಿಯಲ್ಲಿ ಮೋಟಾರ್ ಸುತ್ತುತ್ತಿದ್ದ ಗಿಟಾರಿನವರು, ಕೇಳುವವರು ಕರಗಿದಷ್ಟೂ ಚೆನ್ನಾಗಿ ನುಡಿಸುತ್ತಿದ್ದರು. ಯಾರ ಚಪ್ಪಾಳೆಗೂ ಕಾಯದೆ, ಗಾಯಕರು ನೀರು ಕುಡಿಯುವ ಬಿಡುವಿನಲ್ಲಿ, ಸಿನಿಮಾ ಹಾಡಿನ ನಡುವೆ ತಮ್ಮದೇ ನಾಲ್ಕು ಸುತ್ತು ಸೇರಿಸಿಬಿಡುತ್ತಿದ್ದರು. ಅವರು ನಾಪ್‌ಫ್ಲರ್ ಹೆಸರು ಕೇಳಿದ್ದರೋ ಇಲ್ಲವೋ, ಆ ಹಾಡಿನ ತಂಡದಲ್ಲಿ ಅವರಿಗೊಂದು ಕುರ್ಚಿ ಇದ್ದೇ ಇದೆ.

2002ರ ಏಪ್ರಿಲ್‌ನಲ್ಲಿ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನೂ ಜನರ ನಡುವೆ ನಿಂತಿದ್ದೆ. ‘ವಿಶ್ ಯೂ ವರ್ ಹಿಯರ್’ ಶುರುವಾದೊಡನೆ ಮೈದಾನವೇ ದನಿಗೂಡಿಸಿತು. ಮೈ ಜುಮ್ಮೆಂದದ್ದು ನಿಜ. ಆದರೂ ಇದು ಮೈದಾನದ ಹಾಡಲ್ಲ, ಕೋಣೆಯ ಹಾಡು. ಅಷ್ಟು ಗಂಟಲುಗಳ ನಡುವೆ ಆ ಎರಡು ಗಿಟಾರ್‌ಗಳ ನಡುವಿನ ದೂರ ಅಳಿಸಿಹೋಗುತ್ತದೆ, ಹಾಡಿನ ಜೀವವಿರುವುದೇ ಆ ದೂರದಲ್ಲಿ.

ಹೆಡ್‌ಫೋನ್ ಇದ್ದವರು ಈ ವಾರ ಇದರ ಎರಡು ರೂಪಗಳನ್ನೂ ಕೇಳಬೇಕು. ಆಲ್ಬಂ ತಯಾರಾಗುವಾಗ ಅದೇ ಕಟ್ಟಡದಲ್ಲಿ ಯೆಹೂದಿ ಮೆನುಹಿನ್ ಜೊತೆ ನುಡಿಸಲು ಬಂದಿದ್ದ ಪಿಟೀಲು ವಿದ್ವಾಂಸ ಸ್ಟೆಫಾನ್ ಗ್ರಪೆಲ್ಲಿ ಅವರನ್ನು ಕರೆದು ಈ ಹಾಡಿಗೂ ನುಡಿಸಿಸಿದ್ದರು. ಕೊನೆಯ ಗಾಳಿಯ ಸದ್ದಿನಡಿ ಅದು ಹೂತುಹೋಗಿತ್ತು, ಪಿಟೀಲು ಢಾಳಾಗಿ ಕೇಳುವ ರೂಪ ಹೊರಬಂದದ್ದು 2011ರಲ್ಲಿ. ನುಡಿಕೆ ಬಲು ಸೊಗಸು. ಆದರೆ ಗಿಟಾರ್ ಉಸಿರು ತೆಗೆದುಕೊಳ್ಳುವ ಎಡೆಯನ್ನೆಲ್ಲ ಪಿಟೀಲು ತುಂಬಿಬಿಡುತ್ತದೆ, ನಮ್ಮಣ್ಣನಂಥವರು ನುಸುಳಲು ಸಂದಿಯೇ ಉಳಿಯುವುದಿಲ್ಲ. 1975ರಲ್ಲಿ ಅದನ್ನು ಗಾಳಿಯಡಿ ಮುಚ್ಚಿದ್ದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.